ಕವುಚಿಟ್ಟ ಎರಡು ದೋಣಿಗಳು

"ತಿರುಗಬೇಡಿ ಮೇಷ್ಟ್ರೇ. ನನ್ನ ಸರದಿ ಇನ್ನೂ ಮುಗಿದಿಲ್ಲ."

ತಾಲ್ಗಾತ್ ಅಬಿಶೆವ್ ಅರ್ಧ ಹೊರಳಿಸಿದ್ದ ಕತ್ತನ್ನು ಮತ್ತೆ ಗೋಡೆಯ ಕಡೆಗೆ ತಂದ. "ಸರಿ ಅಪಾ. ಆದ್ರೆ ನೀವು ಆಡೋ ವೇಗ ನೋಡಿದ್ರೆ ಈ ಗೋಡೆ ಮೇಲೆ ನನ್ನ ನೆರಳು ಅಚ್ಚಾಗಿ ಉಳಿದುಬಿಡುತ್ತೆ. ಚಹಾನೂ ಆರಿಹೋಯ್ತು."

ಕ್ಷೌರದಂಗಡಿಯ ಕೆಳಗಿನ ಈ ನೆಲಮಾಳಿಗೆಯಲ್ಲಿ ಅದು ಹಳೆಯ ಕಟ್ಟಳೆ. ಕಂಪ್ಯೂಟರ್ ಯಂತ್ರ ಒಂದೇ, ಆಡುವವರು ಹಲವರು. ಒಬ್ಬ ತನ್ನ ಸರದಿ ಆಡುವಾಗ ಉಳಿದವರು ಕುರ್ಚಿ ತಿರುಗಿಸಿಕೊಂಡು ಗೋಡೆ ನೋಡುತ್ತ ಕೂರಬೇಕು. ಎದುರಾಳಿಯ ಸೇನೆ ಎಲ್ಲಿದೆ ಎಂದು ಕದ್ದು ನೋಡಿದವನು ಮುಂದಿನ ಶನಿವಾರ ಎಲ್ಲರಿಗೂ ಚಹಾ ಕಾಸಬೇಕು.

ಇಲ್ಲಿನ ರೂಢಿಯಂತೆ ಅವನು 'ಅಪಾ', ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ತನಿಖಾಧಿಕಾರಿ ರೌಶಾನ್ ತುಲೆಗೆನೋವಾಗೆ ಈ ಕಟ್ಟಳೆ ಹಿಡಿಸಿತ್ತು. ಮುಖ ಕಾಣದಿದ್ದಾಗ ಮನುಷ್ಯನ ಬೆನ್ನು ಮಾತಾಡುತ್ತದೆ. ತಾಲ್ಗಾತ್‌ನ ಬೆನ್ನು ಅವಳು ಬಂದಾಗಿನಿಂದ ಬಿಗಿದುಕೊಂಡೇ ಇತ್ತು.

ನೆಲಕ್ಕೆ ಸಮನಾಗಿದ್ದ ಕಿರಿದಾದ ಕಿಟಕಿಯಲ್ಲಿ ದಾರಿಹೋಕರ ಬೂಟುಗಳಷ್ಟೇ ಕಾಣುತ್ತಿದ್ದವು. ಕಲ್ಲಿದ್ದಲ ಗಣಿಯ ಊರಾದ ಕರಾಶಹ್ತಿಯ ಹಿಮ ಬೀಳುವಾಗಲೇ ಅರ್ಧ ಕಪ್ಪು. ರೌಶಾನ್ ಮೊಣಕಾಲು ನೀವಿಕೊಂಡಳು. ಮೂರು ವಾರಗಳಿಂದ ಸರಿಯಾಗಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಪುಟ್ಟ ಪುಟ್ಟ ಕೋಟೆಗಳು, ದಾರಿಗಳು, ಡ್ರ್ಯಾಗನ್ನುಗಳು.

ಅರ್ಕಾದಿ ಹೆಗಾಯ್ ಕಾಣೆಯಾಗಿ ಆರನೇ ವಾರ ನಡೆಯುತ್ತಿತ್ತು. ಗಣಿಯಲ್ಲಿ ಅನಿಲ ಅಳೆಯುವ ಕೆಲಸದವನು. ಬೇಸಿಗೆಯ ಸ್ಫೋಟಕ್ಕೆ ಮುಂಚೆ ಅಳತೆಯ ಯಂತ್ರಗಳ ಜಾಗ ಬದಲಿಸಿದವರು ಯಾರೆಂದು ಬರುವ ಸೋಮವಾರ ನ್ಯಾಯಾಲಯದಲ್ಲಿ ಹೇಳಬೇಕಿದ್ದ ಒಬ್ಬನೇ ಸಾಕ್ಷಿ. ಅವನ ಕಾರು ಜಲಾಶಯದ ದಂಡೆಯಲ್ಲಿ ಬಾಗಿಲು ತೆರೆದುಕೊಂಡು ನಿಂತಿತ್ತು. ಆಮೇಲೆ ಒಂದು ದಿನ, ಆಡುವವರೇ ನಕ್ಷೆ ಕಟ್ಟಿ ಸೇರಿಸುವ ಈ 'ಏಳು ಕಿರೀಟ' ಆಟಕ್ಕೆ ಅವನ ಹೆಸರಿನಲ್ಲೇ, ಅವನ ಖಾತೆಯಿಂದಲೇ, ಹೊಸ ನಕ್ಷೆಯೊಂದು ಅಂತರ್ಜಾಲಕ್ಕೆ ಬಂತು.

ಇಲಾಖೆಯ ಮುಖ್ಯಸ್ಥ ಸಗಿಂದಿಕೋವ್ ಅದನ್ನು ನೋಡಿ ಕೈ ತೊಳೆದುಕೊಂಡಿದ್ದ. ನಕ್ಷೆ ಮಾಡುತ್ತ ಕೂತಿರುವವನು ಸತ್ತಿಲ್ಲ. ಸಾಕ್ಷಿ ಹೇಳಲು ಹೆದರಿ ಓಡಿಹೋಗಿದ್ದಾನೆ ಅಷ್ಟೆ. ಓಡಿಹೋದ ದೊಡ್ಡವರನ್ನು ಹುಡುಕುವುದು ಪೊಲೀಸರ ಕೆಲಸವಲ್ಲ. ಇಂದು ಸಂಜೆಯೊಳಗೆ ಕಡತ ಮುಚ್ಚು.

"ಅಪಾ, ಒಂದು ಕೇಳ್ಲಾ?" ಗೋಡೆಯ ಕಡೆಯಿಂದ ತಾಲ್ಗಾತ್ ಕೇಳಿದ. "ನೀವ್ಯಾಕೆ ಕೆಂಪು ಪಕ್ಷ ತಗೊಂಡ್ರಿ? ಅರ್ಕಾದಿ ಮ್ಯಾಪಲ್ಲಿ ಕೆಂಪನ್ನ ಮನುಷ್ಯರು ಆಡಲ್ಲ. ಅದು ಯಂತ್ರ ಆಡೋ ಪಕ್ಷ. ಕಥೇಲಿ ಬರೋ ರಾಕ್ಷಸನಿಗೆ ಅಡುಗೆಮನೆ ಎಲ್ಲಿರುತ್ತೆ?"

"ನಾನೂ ಅದನ್ನೇ ಹುಡುಕ್ತಿದೀನಿ. ಅಡುಗೆಮನೆ."

ಅವನು ನಕ್ಕ. ನಗು ಗೋಡೆಗೆ ತಾಗಿ ಅಲ್ಲೇ ಬಿತ್ತು. "ಇವತ್ತು ನಿಮ್ಮ ಇಲಾಖೇಲಿ ಎಲ್ರಿಗೂ ಮ್ಯಾಪ್ ಹುಚ್ಚು ಹತ್ತಿದ ಹಾಗಿದೆ."

"ಎಲ್ರಿಗೂ ಎಲ್ಲಿ? ನನಗೊಬ್ಬಳಿಗೇ. ಇದು ನಿದ್ದೆ ಬರದೋರ ಕಾಯಿಲೆ."

ರೌಶಾನ್ ರಸಾಯನಶಾಸ್ತ್ರ ಓದಿದವಳು. ಪೊಲೀಸ್ ಪ್ರಯೋಗಾಲಯದಲ್ಲಿ ಬಹಳ ಕಾಲ ಗಾಜಿನ ಚೂರು, ಬಣ್ಣದ ಚಕ್ಕೆ ತೂಗಿ ಆಮೇಲೆ ತನಿಖೆಗೆ ಬಂದವಳು. ಮನುಷ್ಯನ ಬಾಯಿ ಸುಳ್ಳು ಹೇಳಬಹುದು, ಕೈಯ ರೂಢಿ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಆದರೆ ಒಂದೇ ಮಾದರಿ ಹಿಡಿದು ತೀರ್ಮಾನ ಮಾಡುವುದು ಅವಳ ಜಾಯಮಾನವಲ್ಲ. ಹೊಸ ನಕ್ಷೆ ಅರ್ಕಾದಿಯದೇ ಹೌದೇ ಎಂದು ತಿಳಿಯಲು ಅವನ ಹಳೆಯ ನಕ್ಷೆಗಳನ್ನೆಲ್ಲ ತನ್ನ ಅಡುಗೆಮನೆಯ ಮೇಜಿನ ಮೇಲೆ ಆಡಿದ್ದಳು. ಹೋಲಿಕೆಗೆ ಈ ಊರಿನ ಇನ್ನೊಬ್ಬ ನಕ್ಷೆಗಾರನ ನಕ್ಷೆಗಳನ್ನೂ ಆಡಿದ್ದಳು. ಆ ಇನ್ನೊಬ್ಬ ಈಗ ಗೋಡೆ ನೋಡುತ್ತ ಕೂತಿರುವ ಗಣಿತದ ಮೇಷ್ಟ್ರು.

ಇಬ್ಬರ ಜಗಳ ಈ ಕೋಣೆಯಷ್ಟೇ ಹಳೆಯದು. ಅರ್ಕಾದಿ ಕಥೆಗಾರ. ಅವನ ನಕ್ಷೆಯಲ್ಲಿ ನಾಯಕ ಬೆಟ್ಟ ಸುತ್ತಿ, ಜವುಗು ದಾಟಿ ಹೋದರೆ ಅಲ್ಲಿ ನಿಧಿಯಿಲ್ಲ, ಮಗನನ್ನು ಕಳೆದುಕೊಂಡ ಒಬ್ಬ ಮುದುಕಿ. ಅವಳ ಮಾತು ಕೇಳಿ ನಾಯಕ ಬಂದ ಕೆಲಸವನ್ನೇ ಬಿಟ್ಟು ಬೇರೆ ದಾರಿ ಹಿಡಿಯಬೇಕು. ಶತ್ರುವಿನ ಬೀಡಿನಲ್ಲಿ ಏನೂ ಇರುವುದಿಲ್ಲ. ಸೈನ್ಯ ಬೇಕಾದಾಗ ಆಕಾಶದಿಂದ ಉದುರುತ್ತದೆ, ಕಥೆಗೆ ಅಷ್ಟು ಸಾಕು. ಪ್ರತಿ ನಕ್ಷೆಯಲ್ಲೂ ಯುದ್ಧಕ್ಕೆ ಯಾವ ಉಪಯೋಗಕ್ಕೂ ಬಾರದ ಒಂದು ಮೂಲೆ, ಅವನು ಎಲ್ಲೋ ಕಣ್ಣಾರೆ ನೋಡಿದ ಜಾಗ. ಒಂದರಲ್ಲಿ ಉಷ್ತೊಬೆ ಎಂಬ ಊರಿನ ಅಜ್ಜಿಯ ಹಿತ್ತಲು, ಬಾವಿ, ಮೂರು ಪಾಪ್ಲರ್ ಮರ. ಇನ್ನೊಂದರಲ್ಲಿ ಶಾಲೆಯ ಹುಡುಗರ ಹಳೆಯ ಬೇಸಿಗೆ ಶಿಬಿರ.

ತಾಲ್ಗಾತ್ ತಂತ್ರಗಾರ. ಅವನ ಲೋಕದಲ್ಲಿ ಮುದುಕಿಯರಿಲ್ಲ. ಕೋಟೆಯಿಂದ ಮರದ ಗಿರಣಿಗೆ ಎಷ್ಟು ದೂರ, ಕಾವಲಿಗೆ ಯಾವ ಪ್ರಾಣಿ, ಅದನ್ನು ಗೆದ್ದರೆ ಏನು ಲಾಭ, ಎಲ್ಲ ಪಕ್ಷಕ್ಕೂ ಸರಿಸಮ. ಸೋತವನು ತನ್ನ ಬುದ್ಧಿಯನ್ನಲ್ಲದೆ ಬೇರೆ ಯಾರನ್ನೂ ಬೈಯುವಂತಿಲ್ಲ. 'ತಕ್ಕಡಿ ಹಿಡಿದು ದೇಶ ಕಟ್ತಾನೆ' ಎಂದು ಅರ್ಕಾದಿ ಅವನನ್ನು ಆಡಿಕೊಳ್ಳುತ್ತಿದ್ದ. 'ಅವನ ಮ್ಯಾಪಲ್ಲಿ ಯುದ್ಧಕ್ಕೆ ಹೋದೋನು ಅತ್ತು ಬರ್ತಾನೆ' ಎಂದು ಇವನು ತಿರುಗಿ ಅನ್ನುತ್ತಿದ್ದ.

ರೌಶಾನ್ ಹೊಸ ನಕ್ಷೆಯ ಕೆಂಪು ನಾಯಕನನ್ನು ಕೋಟೆಯಿಂದ ಹೊರಗೆ ನಡೆಸಿದಳು.

"ಸಿಕ್ತು ಮೇಷ್ಟ್ರೇ. ರಾಕ್ಷಸನ ಅಡುಗೆಮನೆ. ಕೋಟೆ ಬಾಗಿಲಿಗೆ ಮರದ ಗಿರಣಿ, ಅದರಾಚೆ ಕಲ್ಲುಗಣಿ. ಎರಡಕ್ಕೂ ಕಾವಲಿದೆ. ನಿಮ್ಮ ನೀಲಿ ಕೋಟೆಯಿಂದ ಎಷ್ಟು ದೂರವೋ ಇಲ್ಲೂ ಅಷ್ಟೇ ದೂರ."

ಬೆನ್ನು ಅಲ್ಲಾಡಲಿಲ್ಲ. "ಅರ್ಕಾದಿ ಸುಧಾರಿಸಿರಬೇಕು. ನಾನು ಬೈದಿದ್ದು ಕೊನೆಗೂ ತಲೆಗೆ ಹೋಗಿರಬೇಕು."

"ಇಷ್ಟು ವರ್ಷ ಹೋಗದ್ದು ಕಾಣೆಯಾದ ಮೇಲೆ ಹೋಯ್ತಾ?"

"ಒಂಟಿಯಾಗಿ ಕೂತ್ರೆ ಬುದ್ಧಿ ಬರುತ್ತೆ ಅಂತಾರೆ."

"ನನಗೆ ಬಂದಿಲ್ಲ," ಎಂದಳು ರೌಶಾನ್. ಆರಿದ ಹಾಲು ಚಹಾ ಒಂದು ಗುಟುಕು ಕುಡಿದಳು. ತಟ್ಟೆಯಲ್ಲಿದ್ದ ಹಿಟ್ಟಿನ ಉಂಡೆ ಬೌರ್ಸಾಕ್ ನಿನ್ನೆ ಕರಿದದ್ದು, ಕಲ್ಲಿನಂತಿತ್ತು. ಈ ಮಾತುಕತೆ ಅವಳಿಗೆ ಬೇಡವಾಗಿತ್ತು. ಈ ನಕ್ಷೆ ಖೋಟಾ ಎಂದು ಸಾಬೀತಾದರೆ ಅದನ್ನು ರಿಮ್ಮಾಗೆ ಹೇಳುವುದು ಯಾರು?

ರಿಮ್ಮಾ ಹೆಗಾಯ್, ಅರ್ಕಾದಿಯ ಅಕ್ಕ. ಸಂತೆಕಟ್ಟೆಯಲ್ಲಿ ಕೊರಿಯನ್ ಪಲ್ಯಗಳನ್ನು ಮಾರುವವಳು. ಗುರುವಾರ ಕಚೇರಿಗೆ ಬಂದು ಖಾರದ ಕ್ಯಾರೆಟ್ ತುಂಬಿದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಿದ್ದಳು. ಕೈಗಳಿಂದ ಬೆಳ್ಳುಳ್ಳಿ, ವಿನೆಗರ್ ವಾಸನೆ.

"ರೌಶಾನ್ ಕಮಾಲೋವ್ನಾ, ಅದು ನಮ್ಮ ಅರ್ಕಾಶಾನೇ ಮಾಡಿದ್ದು. ಬೇರೆ ಯಾರಿಗೆ ಬರುತ್ತೆ ಹಾಗೆ? ಬದುಕಿದಾನೆ ಅಂತ ಬರೆದುಬಿಡಿ. ದೂರ ಹೋಗಿದಾನೆ, ಸಾಕ್ಷಿ ಗೀಕ್ಷಿ ಅವನಿಗೆ ಬೇಡ ಅಂತ ಬರೆದುಬಿಡಿ. ನನಗೆ ಅಷ್ಟು ಸಾಕು."

ತಂದೆಯ ಹೆಸರು ಸೇರಿಸಿ ಮರ್ಯಾದೆಯಿಂದ ಕರೆದು, ಅಳುತ್ತ ಹೇಳಿದ್ದಳು. ಆದರೆ 'ಹುಡುಕಿಕೊಡಿ' ಎಂದು ಒಮ್ಮೆಯೂ ಅನ್ನಲಿಲ್ಲ. ಆ ಮಾತು ಬರಲಿಲ್ಲವಲ್ಲ ಎಂದು ರೌಶಾನ್‌ಗೆ ಆಗ ಅನ್ನಿಸಿತ್ತು. ಆಸೆಯೊಂದನ್ನೇ ಗಟ್ಟಿಯಾಗಿ ಹಿಡಿದವರು ಹುಡುಕಾಟಕ್ಕೆ ಹೆದರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಕ್ಷೆ ಅರ್ಕಾದಿಯದಾಗಿದ್ದರೆ ಅವನು ಬದುಕಿದ್ದಾನೆ. ಬೇರೆಯವರದಾಗಿದ್ದರೆ, ಯಾರೋ ಅವನ ಸಾವನ್ನು ಮುಚ್ಚಿಡಲು ಅದನ್ನು ಮಾಡಿಸಿದ್ದಾರೆ. ಆ ಅಕ್ಕನ ಮುಂದೆ ಎರಡನೆಯದನ್ನು ಹೇಳಬೇಕಾದವಳು ತಾನು.

"ಮೇಷ್ಟ್ರೇ, ನೀಲಿ ಕಡೆ ಸೇತುವೆ ಮುರಿದಿದೆ."

"ಹೌದು. ಪ್ರವಾಹದಲ್ಲಿ. ಕಥೇಲಿ ಬರುತ್ತಲ್ಲ, ಹಳ್ಳಿ ಕೊಚ್ಚಿಹೋಗುತ್ತೆ, ದೋಣಿಯೋನೊಬ್ಬ ಉಳ್ಕೋತಾನೆ. ನಾಯಕ ಅವನ ಮಾತು ಕೇಳಿ ಸುತ್ತುದಾರಿ ಹಿಡೀಬೇಕು."

"ಒಳ್ಳೆ ಕಥೆ. ನನಗೂ ಕಣ್ಣಲ್ಲಿ ನೀರು ಬಂತು. ಈಗ ನಾನು ಕೆಂಪು ಕಡೆ ಅದೇ ಜಾಗದಲ್ಲಿ ನಿಂತಿದೀನಿ. ಇಲ್ಲೂ ಸೇತುವೆ ಮುರಿದಿದೆ."

ರೌಶಾನ್ ಪರದೆಯತ್ತ ಬಾಗಿದಳು.

"ಇಲ್ಲಿ ಪ್ರವಾಹ ಬರಲಿಲ್ಲ. ಹಳ್ಳಿಯೂ ಇಲ್ಲ, ದೋಣಿಯೋನೂ ಇಲ್ಲ. ಸೇತುವೆ ಕೆಳಗೆ ಹೊಳೆಯೇ ಇಲ್ಲ ಮೇಷ್ಟ್ರೇ, ಒಣ ಮರಳು. ಹಾಗಿದ್ರೆ ಈ ಸೇತುವೆ ಯಾಕೆ ಮುರೀತು?"

"ಮತ್ತೆ?" ತಾಲ್ಗಾತ್‌ನ ದನಿ ತಟ್ಟನೆ ಏರಿತು. "ಒಬ್ಬನಿಗೆ ಸೇತುವೆ ಮುರಿದು ಇನ್ನೊಬ್ಬನಿಗೆ ಹಾಗೇ ಬಿಟ್ರೆ ಅದು ಅನ್ಯಾಯ ಅಲ್ವಾ? ನೀಲಿಯೋನು ಸುತ್ತಾಡಿ ಬರೋಷ್ಟರಲ್ಲಿ ಕೆಂಪಿನೋನು ಬಂದು ಕೋಟೆ..."

ಮೇಲೆ ಕ್ಷೌರದಂಗಡಿಯಲ್ಲಿ ಕೂದಲು ಒಣಗಿಸುವ ಯಂತ್ರ ಗುಂಯ್‌ಗುಟ್ಟುತ್ತಿತ್ತು.

"ಕೆಂಪು ಯಂತ್ರದ ಪಕ್ಷ," ರೌಶಾನ್ ಮೆಲ್ಲಗೆ ಹೇಳಿದಳು. "ರಾಕ್ಷಸನಿಗೆ ಯಾವ ನ್ಯಾಯ ಮೇಷ್ಟ್ರೇ?"

ತಾಲ್ಗಾತ್‌ನ ಭುಜಗಳು ಕುಸಿದವು. ಅವನು ಹಣೆಯನ್ನು ಹಸಿರು ಗೋಡೆಗೆ ಆನಿಸಿದ.

"ಸೊಟ್ಟ ಮಾಡೋಕೆ ಎಷ್ಟು ಒದ್ದಾಡಿದೆ ಗೊತ್ತಾ ಅಪಾ," ಎಂದ. "ಅವನ ಹಾಗೇ ಮಾಡ್ಬೇಕು ಅಂತ ಕೂತು ಎಲ್ಲ ಸೊಟ್ಟ ಮಾಡ್ತಿದ್ದೆ. ದಾರಿ ಎಲ್ಲೆಲ್ಲೋ ಹೋಗೋ ಹಾಗೆ. ಕೆಂಪಿಗೆ ಏನೂ ಕೊಡದ ಹಾಗೆ. ಮಲಗಿ ಎದ್ದು ನೋಡಿದ್ರೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ಒಂದ್ ಗಿರಣಿ ಇಡ್ತಿದ್ದೆ. ಆಮೇಲೆ ಒಂದ್ ಕಲ್ಲುಗಣಿ. ಕೊನೆಗೆ ಸೇತುವೆ. ಅವನ ಕಥೆ ಕದಿಯೋಕೆ ಬಂತು, ಅವನ ಧೈರ್ಯ ಕದಿಯೋಕೆ ಬರಲಿಲ್ಲ. ಅನ್ಯಾಯನ ಹಾಗೇ ಬಿಟ್ಟು ಎದ್ದು ಹೋಗೋ ಧೈರ್ಯ."

"ಯಾರು ಮಾಡಿಸಿದ್ದು?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಮಾತು ತಗೊಂಡೋರು ಬದುಕಿರ್ತಾರೆ. ಸತ್ತೋನಿಗೆ ಯಾರು ಮಾತು ಕೊಟ್ಟಿದಾರೆ?"

"ಅವನು ಸತ್ತಿಲ್ಲ!" ತಾಲ್ಗಾತ್ ಕಟ್ಟಳೆ ಮರೆತು ಪೂರ್ತಿ ತಿರುಗಿಬಿಟ್ಟ. ಕಣ್ಣುಗಳು ಕೆಂಪಾಗಿದ್ದವು; ಅವನೂ ನಿದ್ದೆಗೆಟ್ಟವನೇ. "ನೀವು ಎಡ ಮೂಲೆಗೆ ಹೋಗಿದೀರಾ? ಮೇಲೆ, ಆ ಕಣಿವೆಗೆ?"

ರೌಶಾನ್ ಹೋಗಿದ್ದಳು. ನಕ್ಷೆಯಲ್ಲಿ ಸರಿಸಮವಲ್ಲದ ಜಾಗ ಅದೊಂದೇ. ಬೆಟ್ಟಗಳ ನಡುವೆ ಮುಂದಕ್ಕೆ ಸಾಗದ ದಾರಿ, ಕೊನೆಯಲ್ಲಿ ಹೆಪ್ಪುಗಟ್ಟಿದ ನೀರು, ಮುರಿದ ಗಾಳಿಗಿರಣಿ, ದಂಡೆಯ ಮೇಲೆ ಕವುಚಿಟ್ಟ ಎರಡು ದೋಣಿಗಳು. ಅಲ್ಲಿ ಗಳಿಸುವುದಕ್ಕೆ ಏನೂ ಇಲ್ಲ. ಅರ್ಕಾದಿಯ ರೂಢಿ ಬಲ್ಲ ಖೋಟಾಗಾರ ಜಾಣತನದಿಂದ ಅದನ್ನು ಸೇರಿಸಿದ್ದಾನೆ ಎಂದು ಅವಳು ನಿನ್ನೆಯ ವರದಿಯಲ್ಲಿ ಬರೆದಿದ್ದಳು. ಹಳೆಯ ನಕ್ಷೆಗಳ ಹಾಗೆ ಇದೂ ಯಾವುದೋ ನಿಜವಾದ ಜಾಗವಿರಬಹುದು ಎಂದೂ.

"ಅದು ನೀವು ಅವನನ್ನ ಅನುಕರಿಸಿದ್ದು ಅಲ್ವಾ?"

"ಎಡಕ್ಕೆ ಕಣಿವೆ ಇಟ್ಟು ಬಲಕ್ಕೆ ಇಡದೆ ಇರೋಕೆ ನನಗೆ ಆಗುತ್ತಾ ಅಪಾ? ಈಗ ತಾನೇ ನೋಡಿದ್ರಲ್ಲ! ನಾನು ಕೊಟ್ಟಾಗ ಅಲ್ಲಿ ಬರೀ ಬೆಟ್ಟ ಇತ್ತು. ಆ ಕಣಿವೆ ನಂದಲ್ಲ."

ರೌಶಾನ್ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು.

ನಕ್ಷೆ ತಾಲ್ಗಾತ್‌ನ ಕೈಬಿಟ್ಟ ಮೇಲೆ, ಜನರ ಕಣ್ಣಿಗೆ ಬೀಳುವ ಮುಂಚೆ, ಇನ್ನೊಂದು ಕೈ ಅದನ್ನು ಮುಟ್ಟಿದೆ. ನ್ಯಾಯ ಮಾಡದೆ ಇರಲು ಇವನಿಗೆ ಹೇಗೆ ಆಗಲಿಲ್ಲವೋ ಹಾಗೆ ಕಥೆ ಹೇಳದೆ ಇರಲು ಆಗದ ಕೈ. ಕಾರು ಸಿಕ್ಕಿದ ಎಷ್ಟೋ ದಿನಗಳ ಆಚೆಗೂ ಆ ಕೈ ಆಡುತ್ತಿತ್ತು.

"ಯಾರಿಗೆ ಕೊಟ್ರಿ?"

"ರಿಮ್ಮಾಗೆ," ಎಂದ ತಾಲ್ಗಾತ್. ಹೇಳಿದ ಮೇಲೆ ಅವನ ಮುಖ ಸಡಿಲವಾಯಿತು. "ಅವಳೇ ಬಂದು ಕೇಳಿದ್ದು. ಅರ್ಕಾಶಾ ಎಲ್ಲೋ ದೂರ ದೇಶಕ್ಕೆ ಹೋಗಿ ಆಟ ಆಡ್ಕೊಂಡಿದಾನೆ ಅಂತ ಗಣಿಯ ಆ ಜನಕ್ಕೆ ಅನ್ನಿಸ್ಬೇಕು, ಸೋಮವಾರದವರೆಗೆ ಹುಡುಕೋದು ಬಿಡ್ಬೇಕು, ಅಷ್ಟೇ ಅಂದ್ಳು. ಎಲ್ಲಿದಾನೆ ಅಂತ ನಾನು ಕೇಳಲಿಲ್ಲ. ಗೊತ್ತಿಲ್ಲದೆ ಇರೋದೇ ಮೇಲು ಅನ್ನಿಸ್ತು. ಅವಳು ಅವನಿಗೆ ಒಂದ್ಸಲ ತೋರಿಸಿರ್ಬೇಕು, ನಿನ್ನ ಹಾಗೇ ಇದೆಯಾ ನೋಡು ಅಂತ. ಆ ಬಡ್ಡೀಮಗ ಸುಮ್ನೆ ನೋಡಿ ವಾಪಸ್ ಕೊಡ್ತಾನಾ? ಒಂದ್ ಮೂಲೆ ಗೀಚೇ ಕೊಟ್ಟಿದಾನೆ."

ಹುಡುಕಿಕೊಡಿ ಎಂದು ರಿಮ್ಮಾ ಏಕೆ ಕೇಳಲಿಲ್ಲ ಎಂಬುದು ಈಗ ಗೊತ್ತಾಯಿತು. ಕ್ಯಾರೆಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಆ ಹೆಂಗಸು ಪೊಲೀಸರ ಎದುರು ಎಂಥ ನಾಟಕ ಆಡಿದ್ದಳು! ಎಷ್ಟೋ ದಿನಗಳ ನಂತರ ರೌಶಾನ್‌ಗೆ ನಗು ಬಂತು. ಎದೆಯ ಮೇಲಿನ ಒಂದು ಕಲ್ಲು ಸರಿದಂತಾಯಿತು. ಎರಡು ದಿನ ಕಾದರೆ ಸಾಕು. ಕಡತವನ್ನು ಬೇಕಿದ್ದರೆ ಸಗಿಂದಿಕೋವ್ ಹೇಳಿದಂತೆ ಮುಚ್ಚಿಯೇ ಬಿಡಬಹುದು. ಮುಚ್ಚಿದ ಕಡತದಷ್ಟು ಒಳ್ಳೆಯ ಅಡಗುತಾಣ ಬೇರೆ ಇಲ್ಲ.

"ಇದನ್ನ ಯಾರಿಗೂ ಹೇಳ್ಬೇಡಿ ಮೇಷ್ಟ್ರೇ. ಸೋಮವಾರದವರೆಗೆ."

"ನಾನ್ಯಾಕೆ ಹೇಳ್ಲಿ? ಬೆಳಿಗ್ಗೆ ನಿಮ್ಮ ಕಡೆಯೋರು ಬಂದಾಗ್ಲೂ ನಾನು ಮಾಡಿದ್ದು ಅಂತ ಬಾಯಿಬಿಡಲಿಲ್ಲ."

ರೌಶಾನ್ ಕೋಟಿನ ಗುಂಡಿ ಹಾಕುತ್ತಿದ್ದವಳು ನಿಂತಳು.

"ನನ್ನ ಕಡೆಯೋರು ಅಂದ್ರೆ?"

"ನಿಮ್ಮ ಇಲಾಖೆಯೋರು. ಆಗಲೇ ಅಂದೆನಲ್ಲ, ಎಲ್ರಿಗೂ ಮ್ಯಾಪ್ ಹುಚ್ಚು ಅಂತ. ನಿಮ್ಮ ವರದಿ ಕೈಯಲ್ಲಿತ್ತು. ಆ ಕಣಿವೆ ಚಿತ್ರಕ್ಕೆ ಕೆಂಪು ಶಾಯೀಲಿ ಗೆರೆ ಸುತ್ತಿ, ಕೆಳಗೆ ನಿಮ್ಮ ಸಹಿ. ಈ ಜಾಗ ಎಲ್ಲಿದೆ ಗೊತ್ತಾ ಅಂತ ಕೇಳಿದ್ರು."

"ನೀವೇನಂದ್ರಿ?"

"ನನಗೆ ಗೊತ್ತಿಲ್ಲ ಅಂದೆ. ನಿಜವಾಗ್ಲೂ ಗೊತ್ತಿಲ್ಲ. ಗೊತ್ತಿದ್ರೆ ಅವನ ಅಕ್ಕನಿಗೆ ಗೊತ್ತಿರ್ಬೇಕು ಅಂದೆ." ಅವನ ದನಿ ನಿಧಾನವಾಯಿತು. "ನೀವೇ ಕಳಿಸಿದ್ದಲ್ವಾ ಅಪಾ?"

ಆ ವರದಿಯ ಒಂದೇ ಒಂದು ಪ್ರತಿಯನ್ನು ಅವಳು ನಿನ್ನೆ ಸಂಜೆ ಸಗಿಂದಿಕೋವ್‌ನ ಕೈಗೆ ತಾನೇ ಕೊಟ್ಟಿದ್ದಳು.

"ಮನುಷ್ಯ ಹೇಗಿದ್ದ?"

"ನಮ್ಮ ವಯಸ್ಸಿನೋನು. ಮರ್ಯಾದೆಯಾಗಿ ಮಾತಾಡಿದ. ಆ ಕಣಿವೆ ನಾನು ಮಾಡಿದ್ದಲ್ವಲ್ಲ, ಇದೆಲ್ಲಿಂದ ಬಂತು ಅಂತ ಆಮೇಲೆ ನೋಡೋಣ ಅಂದ್ಕೊಂಡು ಫೋನಲ್ಲಿ ಒಂದ್ ಚಿತ್ರ ತಗೊಳ್ಲಾ ಅಂದೆ. ತಗೋ ಅಂತ ಅವನೇ ಹಾಳೆ ಹಿಡಿದ."

ತಾಲ್ಗಾತ್ ತನ್ನ ಫೋನನ್ನು ಮುಂದೆ ಚಾಚಿದ. ಚಿತ್ರದಲ್ಲಿ ಅವಳ ಹಾಳೆ, ಅವಳ ಕೆಂಪು ಗೆರೆ, ಅವಳ ಸಹಿ. ಹಾಳೆಯ ಅಂಚನ್ನು ಹಿಡಿದ ಹೆಬ್ಬೆರಳು. ರೌಶಾನ್ ಅದನ್ನು ದೊಡ್ಡದು ಮಾಡಿ ನೋಡಿದಳು. ಉಗುರಿನ ಬುಡದಿಂದ ಮಣಿಕಟ್ಟಿನ ಕಡೆಗೆ ಚರ್ಮದೊಳಗೆ ಹರಿದ ನೀಲಿ ಗೆರೆ. ಕಲ್ಲಿದ್ದಲ ಪುಡಿ ಗಾಯದೊಳಗೇ ಉಳಿದು ಮಾಗಿದರೆ ಹಾಗಾಗುತ್ತದೆ. ಈ ಊರಿನಲ್ಲಿ ಆ ಗುರುತನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅದು ಪೊಲೀಸನ ಕೈಯಲ್ಲ. ಗಣಿಯ ಕೈ.

ಅವಳು ರಿಮ್ಮಾಳ ಸಂಖ್ಯೆ ಒತ್ತಿದಳು. ಬಹಳ ಹೊತ್ತು ಕರೆ ಹೋಯಿತು. ತಾಲ್ಗಾತ್ ಯಾರೂ ಹೇಳದಿದ್ದರೂ ಗೋಡೆಯ ಕಡೆಗೆ ತಿರುಗಿ ನಿಂತುಬಿಟ್ಟಿದ್ದ.

"ರೌಶಾನ್ ಕಮಾಲೋವ್ನಾ!" ರಿಮ್ಮಾಳ ದನಿಯಲ್ಲಿ ಈ ಆರು ವಾರಗಳಲ್ಲಿ ಕೇಳದ ಗೆಲುವು. ಹಿಂದೆ ಕಾರಿನ ಸದ್ದು. "ನಾನೇ ಮಾಡ್ಬೇಕು ಅಂತಿದ್ದೆ. ನನ್ನನ್ನ ಕ್ಷಮಿಸಿಬಿಡಿ. ನಿಮ್ಮೆದುರು ಅಷ್ಟೆಲ್ಲ ಸುಳ್ಳು ಹೇಳ್ದೆ. ನಿಮಗೆ ಎಲ್ಲ ಗೊತ್ತಾಗಿದ್ದು ಒಳ್ಳೇದೇ ಆಯ್ತು. ನನ್ನ ಕೈಲಿ ಇನ್ನು ಆಗ್ತಿರ್ಲಿಲ್ಲ."

"ರಿಮ್ಮಾ, ನನ್ನ ಮಾತು ಕೇಳಿ. ಎಲ್ಲಿದೀರಿ?"

"ದಾರೀಲಿ. ಬಲ್ಖಾಶ್ ಸರೋವರದ ಕಡೆ ಹೊರಟಿದೀವಿ. ನೀವು ಕಳಿಸಿದ ಕಾರಲ್ಲೇ! ನಿಮ್ಮ ಸಹಿ ನೋಡಿದ್ಮೇಲೇ ನಾನು ಹತ್ತಿದ್ದು. ಸೋಮವಾರದವರೆಗೆ ನಿಮ್ಮೋರು ಅರ್ಕಾಶಾನ ಹತ್ರ ಕಾವಲಿಗೆ ಇರ್ತಾರಂತೆ. ತುಂಬ ಒಳ್ಳೆಯೋರು, ದಾರಿಯುದ್ದಕ್ಕೂ ಅವನ ಬಗ್ಗೇನೇ ಕೇಳ್ತಿದಾರೆ. ಇನ್ನೇನು ನೀರು ಕಾಣುತ್ತೆ. ಮಾತಾಡ್ತೀರಾ? ಕೊಡ್ತೀನಿ ಇರಿ."

"ಕೊಡಬೇಡಿ ರಿಮ್ಮಾ. ಕಾರು ನಿಲ್ಲಿಸಿ ಅನ್ನಿ, ವಾಂತಿ ಬರ್ತಿದೆ ಅನ್ನಿ, ಏನಾದ್ರೂ..."

ಫೋನು ಆಗಲೇ ಕೈ ಬದಲಾಗಿತ್ತು. ಆ ಕಡೆ ಯಾರೋ ಅವಸರವಿಲ್ಲದೆ ಉಸಿರಾಡುತ್ತ, ಅವಳು ಮುಂದೇನು ಹೇಳುತ್ತಾಳೆಂದು ಕೇಳಿಸಿಕೊಳ್ಳುತ್ತಿದ್ದರು.